ಉಪ್ಪಿಲ್ಲದ ಗಂಜಿ

ಪೂಜ್ಯ ಇನಾಸ್ ಸ್ವಾಮಿಗಳು ವಾಸವಾಗಿದ್ದದ್ದು ಗೋವೆಯಲ್ಲಿ ಕಡಲ ನೀರು ಕಟ್ಟಿ ಉಪ್ಪು ತೆಗೆಯುವ ಆಗರಗಳ ಅಂಚಿನಲ್ಲಿ, ತೆಂಗಿನ ಗರಿ ಹೊದಿಸಿದ ಸಣ್ಣದೊಂದು ಪ್ರಾರ್ಥನಾಮಂದಿರದಲ್ಲಿ. ಪೋರ್ಚುಗೀಸರ ಆ ಕಾಲದಲ್ಲಿ ಊರ ದೊಡ್ಡ ಇಗರ್ಜಿ ಬಿಳಿಯ ಪಾದ್ರಿಗಳಿಗೆ ಮೀಸಲು. ಅದರ ಮುಂದಿನ ಸಾಲು ಮೇಲುಕುಲದಿಂದ ಬಂದ ಕ್ರೈಸ್ತರಿಗೆ ಮೀಸಲು. ದೇಶೀಯ ಪಾದ್ರಿಯಾದ ಸ್ವಾಮಿಗಳ ಪಾಲಿಗೆ ಉಳಿದವರು ಆಗರದ ಕೂಲಿಗಳು. ಅದನ್ನೇ ಅವರು ಭಾಗ್ಯವೆಂದು ಬಗೆದಿದ್ದರು. ಕೂಲಿಗಳ ಮನೆಯಿಂದ ಬರುವ ಗಂಜಿಯೇ ಅವರ ಮಧ್ಯಾಹ್ನದ ಊಟ.

ಆಗರದ ಒಡೆಯ ದೊಂ ಕೈತಾನ. ಹಬ್ಬದ ಮೆರವಣಿಗೆಯಲ್ಲಿ ಕೆಂಪು ನಿಲುವಂಗಿ ತೊಡುವ ಹಕ್ಕು ಅವನ ಕುಲದವರಿಗೆ ಮಾತ್ರ ಇತ್ತು. ಮತ ತಪ್ಪಿದ ಕ್ರೈಸ್ತರನ್ನು ಹಿಡಿದು ಶಿಕ್ಷಿಸುವ ಧರ್ಮನ್ಯಾಯಸಭೆಗೆ ಊರಿನ ಸುದ್ದಿ ಮುಟ್ಟಿಸುವವನೂ ಅವನೇ. ಅನ್ನಕ್ಕೆ ಉಪ್ಪು ಹಾಕದೆ ಬೇಯಿಸುವುದು ಬಿಟ್ಟುಬಂದ ಹಳೆಯ ಮತದ ಗುರುತೆಂದು ಆ ಸಭೆ ನಿಷೇಧ ಹೊರಡಿಸಿತ್ತು. ನಗಬೇಕೋ ಅಳಬೇಕೋ ನೀವೇ ಹೇಳಿ! ದೇವರು ನೋಡುವುದು ಹೃದಯವನ್ನು; ಈ ಮಹನೀಯರು ಇಣುಕಿದ್ದು ಬಡವರ ಗಡಿಗೆಯೊಳಕ್ಕೆ.

ಒಂದು ಮಧ್ಯಾಹ್ನ ಕೈತಾನ ಇಬ್ಬರು ಸಿಪಾಯಿಗಳೊಡನೆ ಮಂದಿರದ ಜಗಲಿಗೆ ಬಂದ. ಅವರ ನಡುವೆ ಆಗರದ ಕೂಲಿ, ವಿಧವೆ ರೆಜಿನಾ ನಿಂತಿದ್ದಳು. ಸಭೆಯ ಸೆರೆಮನೆಗೆ ಹೋದವರು ಮರಳುವ ಭರವಸೆ ಇರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಅವಳ ಗಂಜಿ ಗಡಿಗೆಯನ್ನು ಕೈತಾನ ಸ್ವಾಮಿಗಳ ಮುಂದಿಟ್ಟ.

"ದೂರು ಆಗಲೇ ಪಟ್ಟಣ ಸೇರಿದೆ. ನೀವು ರುಚಿ ನೋಡಿ ಸಾಕ್ಷಿ ಹೇಳಿಬಿಡಿ, ಸ್ವಾಮಿ. ಒಂದು ಹರಳು ಉಪ್ಪಿಲ್ಲ ಇದರಲ್ಲಿ."

"ಉಪ್ಪು ಎಲ್ಲಿಂದ ತರಲಿ, ಒಡೆಯಾ?" ಎಂದಳು ರೆಜಿನಾ. "ಸಂಜೆ ಒಡ್ಡು ದಾಟೋ ಮೊದಲು ಕಾಲುವೆಯಲ್ಲಿ ಕೈಕಾಲು ತೊಳೆಸಿಯೇ ಅಲ್ವಾ ನೀವು ನಮ್ಮನ್ನು ಬಿಡೋದು?"

ಅದು ಕೈತಾನನದೇ ಕಟ್ಟಳೆ. ಕೂಲಿಗಳ ಬೆರಳಿಗೆ ಅಂಟಿದ ಉಪ್ಪೂ ಆಗರದ ಆಚೆ ಹೋಗಬಾರದು.

ಸ್ವಾಮಿಗಳು ಗಡಿಗೆಯಿಂದ ಗಂಜಿ ಬಗ್ಗಿಸಿಕೊಂಡು ಪೂರ್ತಿ ಕುಡಿದರು. ಆಮೇಲೆ ಮೆಲ್ಲಗೆ ನುಡಿದರು: "ಉಪ್ಪಿಲ್ಲ, ನಿಜ. ದಿನವೂ ಇದನ್ನೇ ಉಣ್ಣುವ ನನ್ನನ್ನೂ ಕರೆದೊಯ್ಯಿರಿ. ಇವಳು ಕ್ರೈಸ್ತಳಾದ ದಿನ ಜ್ಞಾನಸ್ನಾನದ ವಿಧಿಯಂತೆ ಇವಳ ನಾಲಿಗೆಗೆ ಒಂದು ಹರಳು ಉಪ್ಪು ಇಟ್ಟವನು ನಾನು. ಆಮೇಲೆ ಇವಳಿಗೆ ಯಾರು ಉಪ್ಪು ಕೊಟ್ಟರು, ಕೈತಾನರೇ?"

ಉಪ್ಪು ತಡೆದವನು ತಾನೇ ಎಂಬುದು ಕೈತಾನನಿಗೆ ನಾಟಿತು. ಅಂದೇ ಪಟ್ಟಣಕ್ಕೆ ಓಡಿ, ದೂರು ಹಿಂದಕ್ಕೆ ಪಡೆಯುತ್ತೇನೆಂದು ಸಭೆಯ ಮುಂದೆ ಗೋಗರೆದ. ಸಭೆಗೆ ಸೇರಿದ ದೂರು ಹಿಂದಿರುಗುವುದಿಲ್ಲವೆಂದು ನ್ಯಾಯಾಧೀಶರು ಬಾಗಿಲು ತೋರಿಸಿದರು. ಸ್ವಾಮಿಗಳೂ ಹೋಗಿ, ತಾವೂ ಅದೇ ಅಪರಾಧ ಮಾಡಿದವರೆಂದು ಹೇಳಿಕೊಂಡರು. ಕರಿಯ ಪಾದ್ರಿಯ ಮಾತೆಂದು ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ರೆಜಿನಾಳನ್ನು ಸೆರೆಗೆ ಹಾಕಿದರು. ಸಂತರ ಕಥೆಯಲ್ಲಿ ಇಲ್ಲೊಂದು ಪವಾಡ ನಡೆಯಬೇಕಿತ್ತೆಂದು ನನಗೂ ಅನ್ನಿಸುತ್ತದೆ. ನಡೆಯಲಿಲ್ಲ, ಹೇಳುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಳೆಗಾಲ ಕಳೆದ ಮೇಲೆ ಆಕೆ ಊರಿಗೆ ಮರಳಿದಳು. ಮೈಮೇಲೆ ಪಾಪಿಗಳಿಗೆ ತೊಡಿಸುವ ಹಳದಿ ಅಂಗಿ. ಜನ ದೂರ ಸರಿದು ನಿಂತರು. ಆದರೂ ಹೊಟ್ಟೆ ಕೇಳಬೇಕಲ್ಲ, ಉಪ್ಪು ಗೋರುವ ಕಾಲ ಬಂದಾಗ ಆಕೆ ಮತ್ತೆ ಆಗರಕ್ಕಿಳಿದಳು.

ಮೊದಲ ದಿನದ ಸಂಜೆ ಕೈತಾನ ಒಡ್ಡಿನ ಮೇಲೆ ಕಾದಿದ್ದ. ಕೆಂಪು ನಿಲುವಂಗಿಯನ್ನು ಅವನು ಇಗರ್ಜಿಗೆ ಒಪ್ಪಿಸಿಬಿಟ್ಟಿದ್ದ. ಪಕ್ಕದಲ್ಲಿ ಸ್ವಾಮಿಗಳು ನಿಂತಿದ್ದರು. ಕೂಲಿಗಳೆಲ್ಲರ ಎದುರಿಗೆ ಕೈತಾನ ಬೊಗಸೆ ತುಂಬ ಉಪ್ಪು ತೆಗೆದು ರೆಜಿನಾಳ ಅಂಗೈಗೆ ಸುರಿದ.

"ಮನೆಗೆ ಒಯ್ಯಿ, ತಾಯಿ."

ಆಕೆ ತಲೆ ಎತ್ತಲಿಲ್ಲ. ಎಂದಿನಂತೆ ಒಡ್ಡಿನಿಂದಿಳಿದು ಕಾಲುವೆಯ ಬಳಿ ಕುಳಿತಳು. ಕೈಗಳೆರಡನ್ನೂ ನೀರಿಗೆ ಅದ್ದಿ ತಿಕ್ಕಿ ತಿಕ್ಕಿ ತೊಳೆದಳು. ಬಳಿಕ ಬರಿದಾದ ಅಂಗೈಗಳನ್ನು ಒಡೆಯನಿಗೆ ತೋರಿಸಿದಳು.

ಕೈತಾನ ಕೆಸರಿನಲ್ಲಿ ಮೊಣಕಾಲೂರಿ ಕುಸಿದು ಗಟ್ಟಿಯಾಗಿ ಅತ್ತ. ಬಿದ್ದವರನ್ನು ಎಬ್ಬಿಸಲು ಸದಾ ಮುಂದಾಗುತ್ತಿದ್ದ ಸ್ವಾಮಿಗಳು ಅಂದು ಅವನನ್ನು ಎಬ್ಬಿಸಲಿಲ್ಲ.