ಹಸು ತಿಂದ ಪಾಲು

ಬಲು ಹಿಂದೆ, ಯಾವ ಅರಸನ ಕಾಲವೋ ಕೇಳಬೇಡಿ, ಕೆರೆ ಕೆಳಗಿನ ಒಂದೂರಿನಲ್ಲಿ ದ್ಯಾವಮ್ಮ ಎಂಬ ಸೂಲಗಿತ್ತಿ ಇದ್ದಳಂತೆ. ಯಾರ ಮನೆಗೆ ಕರೆದರೂ ನಾಡಿ ಹಿಡಿಯುವ ಮೊದಲು ಹಿತ್ತಲಿಗೆ ಹೋಗುತ್ತಿದ್ದಳಂತೆ. ಏನು ತಿನ್ನುತ್ತೀರಿ ಅಂತ ಕೇಳುತ್ತಿರಲಿಲ್ಲ, ಏನು ಚೆಲ್ಲುತ್ತಾರೆ ಅಂತ ನೋಡುತ್ತಿದ್ದಳು. ಅವಳು ಮುಟ್ಟಿದರೆ ಸತ್ತವರೂ ಎದ್ದು ಕೂರುತ್ತಿದ್ದರು ಅಂತಾರೆ. ಅಷ್ಟನ್ನೆಲ್ಲ ನಂಬಬೇಕಾಗಿಲ್ಲ ಬಿಡಿ.

ಅದೇ ಊರಿನ ಪಟೇಲರ ಹೆಂಡತಿ ಚೆನ್ನಾಜಮ್ಮ. ಗದ್ದೆ ಕೈಗೆ ಬಂದ ಮೇಲೆ ಆ ಮನೆಯಲ್ಲಿ ರಾಗಿ ಬೀಸುವ ಕಲ್ಲು ಮೂಲೆ ಸೇರಿತು. ಭತ್ತವನ್ನು ಮೂರು ಸಲ ಕುಟ್ಟಿಸಿ, ಮಲ್ಲಿಗೆಯಂಥ ಅಕ್ಕಿ ಮಾಡಿಸಿ, ಬಸಿದ ಅನ್ನವನ್ನೇ ಉಣ್ಣುವುದು. ತೌಡು ಹಸುವಿಗೆ, ಬಸಿದ ಗಂಜಿ ಹಸುವಿಗೆ, ಸೊಪ್ಪೂ ಹಸುವಿಗೆ. ಸೊಸೆ ಸಾಕಮ್ಮ ಬಸುರಿಯಾದಾಗಲಂತೂ ಅಕ್ಕಿಯನ್ನು ಇನ್ನೊಂದು ಸಲ ಕುಟ್ಟಿಸಿದಳು. ಪ್ರೀತಿ ಕಣ್ರಪ್ಪಾ, ಕೇಡಲ್ಲ.

ಮೊದಲ ಕೂಸು ಮೂರು ತಿಂಗಳಿಗೆ ದನಿ ಕಟ್ಟಿ ತೀರಿಕೊಂಡಿತು. ಎರಡನೆಯದೂ ಹಾಗೆಯೇ. ಬಾಯಿ ತೆರೆದು ಅಳುತ್ತಿತ್ತು, ಸದ್ದೇ ಬರುತ್ತಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಸಾಕಮ್ಮನ ಕಾಲು ಜೋಮು ಹಿಡಿದು ಎದ್ದು ನಿಲ್ಲಲಾಗಲಿಲ್ಲ. ಇದೂ ಉಳಿಯುವುದಿಲ್ಲವೇನೋ ಅಂತ ಚೆನ್ನಾಜಮ್ಮ ಹೆದರಿದಳು. ದ್ಯಾವಮ್ಮನಿಗೆ ಹೇಳಿಕಳಿಸಿದಳು.

ದ್ಯಾವಮ್ಮ ಬಂದವಳೇ ಸೀದಾ ಕೊಟ್ಟಿಗೆಗೆ ನಡೆದಳು. ಹಸು ಮಿರಮಿರ ಮಿಂಚುತ್ತಿತ್ತು. ಗಂಜಿ, ತೌಡು ಸುರಿದಿದ್ದ ಅದರ ಕಲಗಚ್ಚಿನ ಬಾನಿಗೆ ಕೈಯದ್ದಿ, ಬೊಗಸೆ ತುಂಬ ಎತ್ತಿ, ಎಲ್ಲರೆದುರು ಗಟಗಟ ಕುಡಿದೇಬಿಟ್ಟಳಂತೆ! ಆಳುಕಾಳುಗಳು ಬಾಯಿ ಮೇಲೆ ಕೈಯಿಟ್ಟುಕೊಂಡರು. ಚೆನ್ನಾಜಮ್ಮ ಓಡಿಬಂದು ಬಾನಿಗೆ ಅಡ್ಡ ನಿಂತಳು. ಹಸಿದಿದ್ದರೆ ಎಲೆ ಹಾಕುತ್ತಿದ್ದೆನಲ್ಲ, ಇದೇನು ಹುಚ್ಚು ಅಂತ ಕೂಗಿದಳು. ದ್ಯಾವಮ್ಮ ಬಾಯಿ ಒರೆಸಿಕೊಂಡು, ನಾಳೆಯಿಂದ ಬಾನಿಗೆ ಸುರಿಯುವ ಮೊದಲು ಗಂಜಿ ಸೊಸೆಗೆ ಕೊಡು, ತೌಡಿನ ರೊಟ್ಟಿ ಕೊಡು, ಸೊಪ್ಪು ಮುದ್ದೆ ಕೊಡು ಎಂದಳಂತೆ. ಪಟೇಲರ ಸೊಸೆಗೆ ದನದ ಮೇವೇ ಅಂತ ಚೆನ್ನಾಜಮ್ಮ ಸಿಡಿದುಬಿದ್ದಳು. ಆಗ ದ್ಯಾವಮ್ಮ ಆಡಿದ ಮಾತನ್ನು ಊರು ಇವತ್ತಿಗೂ ಮರೆತಿಲ್ಲ.

"ಆ ಎರಡು ಕೂಸಿನ ಪಾಲೂ ಈ ಹಸ ತಿಂತು ಕಣವ್ವ. ಹಸದ ತಪ್ಪಲ್ಲ. ಹಾಕ್ದೋಳು ನೀನು."

ಚೆನ್ನಾಜಮ್ಮ ಸಗಣಿ ನೆಲದ ಮೇಲೇ ಕುಸಿದಳು. ಒಳಮನೆಯಲ್ಲಿ ಮಲಗಿದ್ದ ಸಾಕಮ್ಮನಿಗೆ ಅಷ್ಟೂ ಕೇಳಿಸಿತ್ತು.

ಮರುದಿನ ಅತ್ತೆಯೇ ಅನ್ನ ಬಸಿದು, ಗಂಜಿಯ ಬಟ್ಟಲು ಹಿಡಿದು ಸೊಸೆಯ ಮುಂದೆ ನಿಂತಳು. ತುಂಬಿದ ಬಟ್ಟಲು ತುಳುಕಿ ಎರಡು ತೊಟ್ಟು ನೆಲಕ್ಕೆ ಬಿದ್ದವು. ಸಾಕಮ್ಮ ಬಹಳ ಹೊತ್ತು ಅತ್ತೆಯ ಮುಖವನ್ನೇ ನೋಡಿದಳು, ಆಮೇಲೆ ಕುಡಿದಳು. ದಿನಾ ಹಾಗೆಯೇ ನಡೆಯಿತು. ಹುಟ್ಟಿದ ಕೂಸು ನಾಲ್ಕನೆಯ ತಿಂಗಳಲ್ಲಿ ಅತ್ತ ಅಬ್ಬರಕ್ಕೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು ಅಂತಾರೆ.

ಈಗಲೂ ಆ ಊರಲ್ಲಿ ಬಸುರಿಯ ಪಾಲು ತೆಗೆಯದೆ ಹಸುವಿಗೆ ಗಂಜಿ ಸುರಿಯುವುದಿಲ್ಲ. ಅದಕ್ಕೆ ದ್ಯಾವಮ್ಮನ ಗಂಜಿ ಅಂತಲೇ ಹೆಸರು. ಬಟ್ಟಲನ್ನು ಅತ್ತೆಯೇ ತಂದುಕೊಡಬೇಕು. ಕೊಡುವ ಮೊದಲು ಎರಡು ತೊಟ್ಟು ನೆಲಕ್ಕೆ ಬಿಡುತ್ತಾಳೆ, ಪಾಲು ಸಿಗದೆ ಹೋದ ಆ ಎರಡು ಕೂಸುಗಳಿಗೆ.