ಹುಣಸೆಹುಳಿಯಲ್ಲಿ ಬೆಳಗಿದ ತಂತಿ

"ಕೇಳಿರಪ್ಪೋ ಕೇಳಿ. ನಾಳೆ ಅರಮನೆಯಲ್ಲಿ ರಾಜಕುಮಾರಿ ಪದ್ಮಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಸೂರ್ಯ ಮುಳುಗುವ ಹೊತ್ತಿಗೆ ತಲೆ ಹೋಗುತ್ತದೆ."

ಹೊಂಬಳೂರಿನ ತಂತಿಗಾರರ ಬೀದಿಯಲ್ಲಿ ಡಂಗುರ ಹೊಡೆದಾಗ ಚೆನ್ನಾಜಿ ಕಂಬಿಯಚ್ಚಿನ ಮುಂದೆ ಕೂತು, ಉಕ್ಕಿನ ಕಂಬಿಯನ್ನು ಒಂದೊಂದೇ ತೂತಿನಲ್ಲಿ ಎಳೆದು ಸಣ್ಣಗೆ ಮಾಡುತ್ತಿದ್ದಳು. ಅಪ್ಪ ಸತ್ತ ವಾರಕ್ಕೇ ಆ ಅಚ್ಚನ್ನು ಒಯ್ಯಲು ಬಂದಿದ್ದ, ತನ್ನದೇ ತಂತಿ ಅಂಗಡಿಯಿದ್ದ ದೊಡ್ಡಪ್ಪ ಮಾಚಯ್ಯ, "ವೀಣೆ ತಂತಿ ಎಳೆಯೋದು ಗಂಡಸಿನ ತೋಳಿನ ಕೆಲಸ ಕಣೇ, ನಿನ್ನ ಕೈಲಿ ಆಗಲ್ಲ. ದೀಪಕ್ಕೆ ಬತ್ತಿ ಹೊಸೆದುಕೊಂಡಿರು" ಎಂದಿದ್ದ. ಅವಳು ಅಚ್ಚು ಬಿಡಲಿಲ್ಲ. ಅಂಗೈ ಕಿತ್ತುಹೋಗುವ ತನಕ ಎಳೆದು, ಯಾರೂ ಹೇಳಿಕೊಡದಿದ್ದರೂ ಕಲಿತಳು. ದಪ್ಪ ತಂತಿ ಕೇಳುವವರು, ಸಣ್ಣದೇ ಬೇಕೆನ್ನುವವರು, ಅಮಾವಾಸ್ಯೆಗೊಮ್ಮೆ ಬದಲಿಸುವವರು, ಹರಿಯುವ ತನಕ ಬದಲಿಸದವರು, ಎಲ್ಲ ವೈಣಿಕರೂ ಅವಳ ಜಗಲಿಗೆ ಬರತೊಡಗಿದರು.

ಅವಳು ತಲೆಯೆತ್ತಿ ನಡೆದದ್ದು ಹೋದ ವರ್ಷದ ತನಕ. ಅರಸನ ಹುಟ್ಟುಹಬ್ಬದ ಕಚೇರಿಯಲ್ಲಿ ಆಸ್ಥಾನದ ವೈಣಿಕ ವರದಯ್ಯನವರ ವೀಣೆಯ ತಂತಿ ಹರಿಯಿತು. ಅಪಶಕುನವೆಂದು ಅರಸ ಅವರನ್ನು ಗಡಿಯಾಚೆ ಅಟ್ಟಿದ. ಆ ತಂತಿ ಚೆನ್ನಾಜಿ ಕೊಟ್ಟದ್ದು. ಅಂದಿನಿಂದ ಅವಳು ಅರಮನೆಯ ಬೀದಿಯನ್ನು ತುಳಿದಿರಲಿಲ್ಲ.

ಮಾಚಯ್ಯ ಒಗಟು ಬಿಡಿಸಲು ಹೊರಟಿದ್ದಾನೆಂದು ಕೇಳಿ ಮರುದಿನ ಅವಳೂ ಹೋದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗುಂಪಿನ ಹಿಂದೆ ನಿಂತಳು.

ರಾಜಕುಮಾರಿ ಪದ್ಮಲೆ ವರದಯ್ಯನವರ ಶಿಷ್ಯೆ. ಅವಳ ಮಡಿಲಲ್ಲಿ ಒಂದು ಪುಟ್ಟ ಪೆಟ್ಟಿಗೆಯಿತ್ತು. "ಹುಟ್ಟಿದ ಮೂರು ದಿನ ಗಳಿಗೆಗೊಂದು ಮಾತಾಡುತ್ತದೆ. ಆಮೇಲೆ ಮೂರು ತಿಂಗಳು ಆಡಿದ ಮಾತಿಗೆ ನಿಲ್ಲುತ್ತದೆ. ಕೊನೆಗೆ ಗಂಟಲು ಮಂಕಾಗುತ್ತದೆ. ಏನದು?"

ಒಬ್ಬ ಕವಿ ಮುಂದೆ ಬಂದ. "ಮನೆಯಳಿಯ, ಅಮ್ಮಣ್ಣಿ."

ಸಭೆ ನಕ್ಕಿತು. ಪದ್ಮಲೆ ನಗಲಿಲ್ಲ. ಕಾವಲಿನವರು ಕವಿಯನ್ನು ಕಂಬದ ಬಳಿ ಕೂರಿಸಿದರು.

ತೆಂಕಣದಿಂದ ಬಂದ ವೈಣಿಕನೊಬ್ಬ ಮೀಸೆ ತೀಡಿದ. "ಹೊಸ ತಂತಿ. ಮೂರು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿಯಲ್ಲಿ ನಿಲ್ಲುವುದಿಲ್ಲ. ಆಮೇಲೆ ಪಳಗುತ್ತದೆ. ಬೆರಳಿನ ಬೆವರು ಕುಡಿದು ಕುಡಿದು ಕೊನೆಗೆ ಸ್ವರ ಸಾಯುತ್ತದೆ."

"ಸರಿ. ಏಳು ಅಕ್ಕತಂಗಿಯರು ಒಂದೇ ಮನೆಯಲ್ಲಿದ್ದರು. ಒಬ್ಬಳು ತೀರಿಕೊಂಡಳು, ಆ ಜಾಗಕ್ಕೆ ಹೊಸಬಳು ಬಂದಳು. ಅವಳು ಬಾಯಿ ತೆರೆದ ಗಳಿಗೆಯೇ ಉಳಿದ ಆರು ಮಂದಿ ಮುದುಕಿಯರಾದರು. ತಪ್ಪು ಯಾರದು?"

"ಹೊಸಬಳದೇ. ಬಂದವಳು ತಗ್ಗಿ ನಡೆಯಬೇಕು."

ಅವನೂ ಕಂಬದ ಬಳಿ ಹೋಗಿ ಕೂತ. ಈಗ ಮಾಚಯ್ಯ ಎದ್ದ. "ತಪ್ಪು ಯಜಮಾನನದು, ತಾಯಿ. ವೀಣೆಗೆ ತಂತಿ ಏಳು. ಈ ಮಹಾಶಯರ ಹಾಗೆ ಹರಿದದ್ದೊಂದನ್ನೇ ಬದಲಿಸಿದರೆ ಹೊಸದರ ದನಿಯ ಮುಂದೆ ಹಳೆಯ ಆರೂ ಮಂಕು. ಬದಲಿಸಿದರೆ ಏಳನ್ನೂ ಬದಲಿಸಬೇಕು. ಮೂವತ್ತು ವರ್ಷದಿಂದ ನಾನು ಹೇಳೋದೂ ಅದೇ, ಯಾರೂ ಕೇಳಲ್ಲ."

"ಸರಿ. ಮೂರು ದಿನದ ಕೂಸು, ಮೈಯೆಲ್ಲ ಫಳಫಳ. ಹೊಟ್ಟೆಯಡಿಯಲ್ಲಿ ಮಾತ್ರ ಇಪ್ಪತ್ತನಾಲ್ಕು ಹಳೆಯ ಗಾಯ. ಗಾಯ ಮಾಡಿದವರು ಯಾರು, ಮುಚ್ಚಿಟ್ಟವರು ಯಾರು?"

ಚೆನ್ನಾಜಿ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

ಮಾಚಯ್ಯ ಬೆವರು ಒರೆಸಿಕೊಂಡ. "ಹೋದ ವರ್ಷ ಕಚೇರಿಯಲ್ಲಿ ಹರಿದ ತಂತಿ ಅದು. ಗಾಯ ಮಾಡಿದ್ದೂ ಮುಚ್ಚಿದ್ದೂ ವರದಯ್ಯನೇ. ಉಗುರು ಬೆಳೆಸಿದ್ದ."

"ಮೂರು ದಿನದ ಕೂಸಿಗೆ ಹಳೆಯ ಗಾಯ ಹೇಗಾದೀತು, ಮಾಚಯ್ಯ?"

ಕಾವಲಿನವರು ಅವನ ತೋಳು ಹಿಡಿದರು. ಕಂಬದ ಬಳಿ ಈಗ ಮೂವರು. ಸಂಜೆಯ ಬಿಸಿಲು ಬಾಗಿಲ ಹೊಸ್ತಿಲಿಗೆ ಬಂದಿತ್ತು. ಚೆನ್ನಾಜಿ ಸುಮ್ಮನೆ ಮನೆಗೆ ಹೋಗಬಹುದಿತ್ತು. ಅವಳ ಗುಟ್ಟು ಆ ಮೂವರ ಜೊತೆಯೇ ಮಣ್ಣಾಗುತ್ತಿತ್ತು. ಅವಳು ಸೆರಗನ್ನು ಹಿಂದಕ್ಕೆ ಸರಿಸಿ ಮುಂದೆ ಬಂದಳು.

"ಹೋಗೇ ಚೆನ್ನಿ," ಎಂದ ದೊಡ್ಡಪ್ಪ ಮೆಲ್ಲಗೆ. "ನನ್ನ ಕೈಲೇ ಆಗಲಿಲ್ಲ. ನಿನ್ನ ಕೈಲಿ ಆಗಲ್ಲ."

"ಮೊದಲ ಎರಡಕ್ಕೆ ಹೇಳಬೇಕಾದದ್ದನ್ನು ಇವರೇ ಹೇಳಿದ್ದಾರೆ, ಅಮ್ಮಣ್ಣಿ," ಎಂದಳು ಚೆನ್ನಾಜಿ. "ಮೂರನೆಯದು ನನಗೆ ಮಾತ್ರ ಗೊತ್ತು. ಗಾಯ ಮಾಡಿದ್ದು ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲು. ತಿಂಗಳುಗಟ್ಟಲೆ ಒತ್ತಿ ನುಡಿಸಿದ ತಂತಿಗೆ ಅಡಿಯಲ್ಲಿ ಮೆಟ್ಟಿಲಿಗೊಂದು ಕಚ್ಚು ಬೀಳುತ್ತದೆ. ಮುಚ್ಚಿಟ್ಟವಳು ನಾನು."

ಅವಳು ನೆಲ ನೋಡುತ್ತಲೇ ಹೇಳಿದಳು. "ಕಚೇರಿಗೆ ಮೂರು ದಿನ ಮೊದಲು ಹೊಸ ತಂತಿ ಕಟ್ಟುವುದು ವರದಯ್ಯನವರ ವಾಡಿಕೆ. ಆ ಬೆಳಿಗ್ಗೆ ಅವರ ಅಳತೆಯ ಕಂಬಿ ನನ್ನಲ್ಲಿರಲಿಲ್ಲ. ಇಲ್ಲ ಅಂದರೆ ದೊಡ್ಡಪ್ಪನ ಅಂಗಡಿಗೆ ಹೋಗುತ್ತಾರೆ. ಅವರೇ ಬಿಚ್ಚಿ ಕೊಟ್ಟಿದ್ದ ಹಳೆಯ ತಂತಿ ಬುಟ್ಟಿಯಲ್ಲಿತ್ತು. ಹುಣಸೆಹುಳಿಯಲ್ಲಿ ನೆನೆಸಿ, ಬೂದಿಯಲ್ಲಿ ಉಜ್ಜಿ, ಹೊಸದು ಅಂತ ಕೊಟ್ಟೆ. ಅವರು ನನ್ನನ್ನು ನಂಬಿ, ತಿರುಗಿಸಿ ನೋಡದೆ ಕಟ್ಟಿದರು."

ಪದ್ಮಲೆ ಪೆಟ್ಟಿಗೆ ತೆರೆದು ಹರಿದ ತಂತಿಯನ್ನು ಬೆಳಕಿಗೆ ಹಿಡಿದಳು. ಕಚ್ಚುಗಳು ಸಾಲಾಗಿ ಕಂಡವು.

"ಒಂದು ವರ್ಷ ಯಾಕೆ ಸುಮ್ಮನಿದ್ದೆ?"

"ಅವತ್ತು ಇಲ್ಲ ಅನ್ನೋಕೆ ನಾಚಿಕೆಯಾಯಿತು. ಆಮೇಲೆ ಹೌದು ಅನ್ನೋಕೆ ನಾಚಿಕೆಯಾಯಿತು."

"ಡಂಗುರದ ಮಾತು ಮಾತೇ. ಏನು ಬೇಕೋ ಕೇಳು."

"ಈ ಮೂವರನ್ನು ಬಿಡಿ. ವರದಯ್ಯನವರನ್ನು ಕರೆಸಿ."

"ನಿನಗೆ?"

"ಕೇಳಲು ನನಗೆ ಬಾಯಿಲ್ಲ, ಅಮ್ಮಣ್ಣಿ."

"ಹಾಗಾದರೆ ಅರಮನೆಯ ವೀಣೆಗಳಿಗೆಲ್ಲ ಇನ್ನು ನಿನ್ನದೇ ತಂತಿ. ಇನ್ನೊಮ್ಮೆ ಹಳೆಯದನ್ನು ಬೆಳಗಲು ನಿನ್ನ ಕೈ ಏಳುವುದಿಲ್ಲ."

ಹೊರಗೆ ಬರುವಾಗ ಮಾಚಯ್ಯ ಅವಳ ಪಕ್ಕದಲ್ಲೇ ನಡೆದ. ತಂತಿಗಾರರ ಬೀದಿ ಬಂದಾಗ, "ನಾನಾಗಿದ್ದರೆ ಹೇಳುತ್ತಿರಲಿಲ್ಲ" ಎಂದ.

ಈಗ ಚೆನ್ನಾಜಿಗೆ ಅರಮನೆಯ ಎದುರಿಗೇ ಅಂಗಡಿಯಿದೆ, ಬಾಗಿಲ ಮೇಲೆ ರಾಜಮುದ್ರೆಯಿದೆ, ನಾಲ್ಕು ಕಂಬಿಯಚ್ಚುಗಳಿವೆ. ವರದಯ್ಯನವರು ತಂತಿ ಕೊಳ್ಳುವುದು ಅವಳಲ್ಲೇ. ಬರುತ್ತಾರೆ, ಕುಶಲ ವಿಚಾರಿಸುತ್ತಾರೆ, ತಂತಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಆಮೇಲೆ ಅದನ್ನು ತಿರುಗಿಸಿ, ಈ ತುದಿಯಿಂದ ಆ ತುದಿಯವರೆಗೆ ಅಡಿಯಲ್ಲಿ ನಿಧಾನವಾಗಿ ಉಗುರು ಎಳೆಯುತ್ತಾರೆ. ಉಗುರು ಎಲ್ಲೂ ತಡೆಯುವುದಿಲ್ಲ. ಆದರೂ ಅದು ಕೊನೆ ಮುಟ್ಟುವ ತನಕ ಚೆನ್ನಾಜಿ ತಲೆ ತಗ್ಗಿಸಿಕೊಂಡೇ ನಿಂತಿರುತ್ತಾಳೆ.