ಹೊನ್ನಮ್ಮ ಸಮುದ್ರ ನೋಡಿದ್ದು

ಹೊನ್ನಮ್ಮನಿಗೆ ಇದ್ದವನು ಒಬ್ಬನೇ ಮಗ. ಆ ಮಗನಿಗೆ ಎರಡು ಕಿವಿ. ಎರಡರ ನಡುವೆ ಏನಿತ್ತು ಅನ್ನೋದು ಹಡೆದವಳಿಗೂ ತಿಳಿಯಲಿಲ್ಲ, ಪಾಠ ಹೇಳಿದ ಮೇಷ್ಟ್ರಿಗೂ ತಿಳಿಯಲಿಲ್ಲ. ಹೆಸರು ಲಕ್ಕಪ್ಪ. ಮೀಸೆ ಬಂದು ಎಷ್ಟೋ ವರ್ಷವಾಯಿತು, ಬುದ್ಧಿ ಇನ್ನೂ ದಾರಿಯಲ್ಲೇ ಇದೆ. ಕೂರು ಅಂದರೆ ಕೂರುತ್ತಾನೆ. ಏಳು ಅನ್ನೋದು ಮರೆತರೆ ಸಂಜೆವರೆಗೂ ಅಲ್ಲೇ. "ನಿನ್ನ ಕಟ್ಕೊಂಡು ಏನ್ ಮಾಡ್ಲೋ ನಾನು" ಅಂತ ಹೊನ್ನಮ್ಮ ಹಣೆ ಚಚ್ಚಿಕೊಂಡರೆ, ಏನು ಮಾಡಬಹುದು ಅಂತ ಅವನೂ ಪಕ್ಕದಲ್ಲಿ ಕೂತು ಯೋಚನೆ ಮಾಡುತ್ತಾನೆ.

ಪೆದ್ದನನ್ನು ಬೇಕಾದರೆ ಮನ್ನಿಸಬಹುದು. ಅವನಪ್ಪ ಬೋರಯ್ಯ ಇದಾನಲ್ಲ, ಅವನನ್ನು ಮನ್ನಿಸೋಕಾಗಲ್ಲ. ಸೇರಕ್ಕಿ ಒದ್ದು ಒಳಗೆ ಬಂದ ದಿನದಿಂದ ಹೊನ್ನಮ್ಮ ಆ ಮನೆಯ ಒಲೆ ಬಿಟ್ಟು ಆಚೆ ಬಂದದ್ದಿಲ್ಲ. ಅವನಿಗೆ ಕಾಫಿ. ಅವನ ಅಕ್ಕ ಕೆಂಪಕ್ಕನಿಗೆ ಕಾಫಿ. ಕೆಂಪಕ್ಕನ ಹಿಂದೆ ಬಂದವರಿಗೆಲ್ಲ ಮುದ್ದೆ, ಸಾರು. ಈ ಬೇಸಿಗೆಯಲ್ಲಿ ಒಂದು ದಿನ ಹೊನ್ನಮ್ಮ ಮುದ್ದೆಕೋಲು ನೆಲಕ್ಕೆ ಬಿಸಾಕಿದಳು. ನಾಲ್ಕು ದಿನ ಒಲೆ ಮುಟ್ಟಲ್ಲ ಅಂದಳು. ಸಮುದ್ರದ ಮುಂದೆ ಕಾಲು ಚಾಚಿ ಕೂರಬೇಕು, ಬೇರೆಯವರು ಬೇಯಿಸಿದ್ದು ತಿನ್ನಬೇಕು, ಇಷ್ಟೂ ಆಗದಿದ್ದರೆ ತೌರಿಗೆ ಹೋಗ್ತೀನಿ, ಆಮೇಲೆ ಕರೆಯೋಕೆ ಬರಬೇಡಿ ಅಂದಳು.

ಬೋರಯ್ಯ ಹೆದರಿದ. ಹೆಂಡತಿ ಹೋಗ್ತಾಳೆ ಅಂತಲ್ಲ, ಮುದ್ದೆ ಹೋಗುತ್ತೆ ಅಂತ. ಕೆಂಪಕ್ಕನ ಅಳಿಯ ಮಲ್ಪೆ ಕಡೆ ಸಮುದ್ರದ ದಡದಲ್ಲೇ ಒಂದು ಅಪಾರ್ಟ್‌ಮೆಂಟು ತಗೊಂಡು ಬೀಗ ಹಾಕಿ ಬಿಟ್ಟಿದ್ದ. ಮೂರನೇ ಮಹಡಿ. ಬೀಗದ ಕೈ ಇಸಕೊಂಡು ಅಪ್ಪ, ಅವ್ವ, ಮಗ ಬಸ್ಸು ಹತ್ತಿದರು. ಆ ಬೋರಯ್ಯ ಬ್ಯಾಗಿನ ತಳದಲ್ಲಿ ಯಾರಿಗೂ ಕಾಣದ ಹಾಗೆ ರಾಗಿಹಿಟ್ಟು ಇಟ್ಟಿದ್ದ. ಅವನ ಯೋಗ್ಯತೆ ಅಷ್ಟೆ.

ರಾತ್ರಿ ಮಲಗೋ ಮುಂಚೆ ಹೊನ್ನಮ್ಮ ಮಗನಿಗೆ ಹೇಳಿದಳು, ಬೆಳಿಗ್ಗೆ ನಾನು ಏಳಲ್ಲ, ಊರಲ್ಲಿ ಹಾಕೋ ಹಾಗೆ ಬಾಗಿಲಿಗೆ ನೀರು ಹಾಕಪ್ಪ ಅಂತ. ಊರಲ್ಲಿ ಹೇಗೆ ಹಾಕುತ್ತಾರೆ? ಬಾಗಿಲಿಂದ ಬೀದಿಯ ಮೋರಿವರೆಗೂ ಧೂಳು ಕೂರೋ ಹಾಗೆ ಹಾಕುತ್ತಾರೆ. ಇವನೂ ಹಾಕಿದ. ಬಕೆಟ್ಟಿನ ಮೇಲೆ ಬಕೆಟ್ಟು ಹಾಕಿದ. ಮೋರಿ ಕಾಣಲಿಲ್ಲ, ಮತ್ತೂ ಹಾಕಿದ. ನೀರು ಹರಿದು ಲಿಫ್ಟಿನ ಗುಂಡಿಗೆ ಇಳಿಯಿತು, ಲಿಫ್ಟು ನಿಂತಿತು. ವಾಚ್‌ಮನ್ನು ಮೇಲೆ ಬಂದು ಬಾಯಿಗೆ ಬಂದಂತೆ ಬೈದ. ಹೊನ್ನಮ್ಮ ಸಮುದ್ರ ನೋಡೋಕೆ ಬಂದವಳು ಸೆರಗು ಸಿಕ್ಕಿಸಿಕೊಂಡು ಮಧ್ಯಾಹ್ನದವರೆಗೂ ಮಹಡಿ ಮಹಡಿ ಒರೆಸಿದಳು. ಬೋರಯ್ಯ ಕಾಲೆತ್ತಿಕೊಂಡು ಕೂತಿದ್ದ.

ಒರೆಸುತ್ತಲೇ ಮಗನಿಗೆ ಛೀಮಾರಿ ಹಾಕಿದಳು. ಇದು ನಿಮ್ಮಪ್ಪನ ಬೀದಿ ಅಲ್ಲ, ಇಲ್ಲಿ ಏನೇ ಮಾಡೋ ಮುಂಚೆ ಅಕ್ಕಪಕ್ಕದವರನ್ನ ಒಂದು ಮಾತು ಕೇಳಬೇಕು ಅಂದಳು. ಆಗಲಿ ಅವ್ವ ಅಂದ.

ಮಾರನೇ ಬೆಳಿಗ್ಗೆ ಹೋಟೆಲಿಂದ ಇಡ್ಲಿ ತಾ ಅಂತ ಕಳಿಸಿದರು. ಲಕ್ಕಪ್ಪ ಎದುರು ಮನೆ ಬಾಗಿಲು ತಟ್ಟಿ, ನಾವು ಇಡ್ಲಿ ತಿನ್ನಬಹುದಾ ಅಂತ ಕೇಳಿದ. ಅಲ್ಲಿದ್ದ ಗುಲಾಬಿ ಪೂಜಾರ್ತಿಗೆ ಕಣ್ಣು ತುಂಬಿ ಬಂತು, ಪಾಪ ಹಸಿದ ಜನ ಅಂತ. ತಿನ್ನಿ ಮಾರಾಯ ಅಂದಳು. ಒಬ್ಬರ ಮಾತು ಸಾಕಾ? ಎಲ್ಲ ಬಾಗಿಲು ತಟ್ಟಿದ. ಅವನು ಕೆಳಗಿಳಿಯೋ ಹೊತ್ತಿಗೆ ಹೋಟೆಲಿನವನು ಪಾತ್ರೆ ತೊಳೆಯುತ್ತಿದ್ದ. ಇತ್ತ, ತಿನ್ನೋಕಿಲ್ಲದ ಮನೆ ಯಾವುದು ಅಂತ ನೋಡೋಕೆ ಹೆಂಗಸರು ಸಾಲಾಗಿ ಬಂದರು. ಬಂದವರನ್ನು ಬಾಯೊಣಗಿಸಿ ಕಳಿಸೋಕಾಗುತ್ತಾ? ಹೊನ್ನಮ್ಮ ಹಲ್ಲು ಕಚ್ಚಿಕೊಂಡು ಒಲೆ ಹಚ್ಚಿದಳು. ಉಪ್ಪಿಟ್ಟು, ಕಾಫಿ. ಒಲೆ ಹೇಗೂ ಹಚ್ಚಿದೆಯಲ್ಲ ಅಂತ ಆ ಬೋರಯ್ಯ ರಾಗಿಹಿಟ್ಟಿನ ಗಂಟು ತಂದು ಪಕ್ಕದಲ್ಲಿಟ್ಟ. ಅವಳು ನೋಡಿದ ನೋಟಕ್ಕೆ ಬೇರೆ ಗಂಡಸಾಗಿದ್ದರೆ ಸುಟ್ಟು ಬೂದಿಯಾಗುತ್ತಿದ್ದ. ಇವನು ಎರಡು ಮುದ್ದೆ ಉಂಡ.

ಊಟವಾದ ಮೇಲೆ ಹೊನ್ನಮ್ಮ ಮಗನ ಕಿವಿ ಹಿಂಡಿದಳು. ಇನ್ನು ಯಾರನ್ನೂ ಏನೂ ಕೇಳಬೇಡ, ಯಾರು ಬಂದು ಬಾಗಿಲು ತಟ್ಟಿದರೂ ಅವ್ವ ಇಲ್ಲ ಅನ್ನು, ಬಾಗಿಲು ತೆಗೀಬೇಡ ಅಂದಳು. ಆಗಲಿ ಅವ್ವ ಅಂದ.

ಸಂಜೆ ಇಬ್ಬರ ಕಣ್ಣೂ ತಪ್ಪಿಸಿ ಒಬ್ಬಳೇ ದಡಕ್ಕೆ ಇಳಿದಳು. ಸಮುದ್ರ ನೋಡಿದಳಾ? ಕಾಲು ಊರಿದ್ದಷ್ಟೆ, ಒಂದು ದೊಡ್ಡ ಅಲೆ ಬಂದು ಕತ್ತಿನವರೆಗೂ ತೋಯಿಸಿತು. ಸೀರೆ ಬದಲಾಯಿಸಿ ಬರೋಣ ಅಂತ ಮೇಲೆ ಬಂದು ಬಾಗಿಲು ತಟ್ಟಿದಳು.

"ಅವ್ವ ಇಲ್ಲ" ಅಂತ ಒಳಗಿಂದ ಬಂತು.

"ನಾನೇ ಕಣೋ ನಿಮ್ಮವ್ವ."

"ಅವ್ವ ಆಚೆ ಹೋಗವಳೆ. ಬಂದ್ಮೇಲೆ ಬನ್ನಿ."

ಎಷ್ಟು ಬೈದರೂ ಅದೇ ಮಾತು. ಗಂಡ ಗೊರಕೆ ಹೊಡೆಯುತ್ತಿದ್ದದ್ದು ಆಚೆಗೆ ಕೇಳುತ್ತಿತ್ತು. ನೆನೆದ ಸೀರೆಯಲ್ಲಿ ನಡುಗುತ್ತಾ ಮೆಟ್ಟಿಲ ಮೇಲೆ ಕೂತಳು. ಆ ಪುಣ್ಯಾತ್ಮ ಎದ್ದು ಬಾಗಿಲು ತೆಗೆದು, ಎಲ್ಲಿ ಸಾಯೋಕೆ ಹೋಗಿದ್ದೆ, ಕಾಫಿ ಎಲ್ಲಿ ಅಂತ ಕೇಳಿದ.

ಹೊನ್ನಮ್ಮ ಅವನನ್ನು ದಾಟಿಕೊಂಡು ಒಳಗೆ ಹೋದಳು. ಸೀರೆ ಬದಲಾಯಿಸಿದಳು, ಹಾಸಿಗೆ ಬಿಡಿಸಿದಳು, ಮಗನ ಕಡೆ ತಿರುಗಿದಳು. "ನಿಮ್ಮವ್ವ ಸತ್ತಳು ಅಂದ್ಕೊ. ಯಾರು ಕೇಳಿದ್ರೂ ಹಂಗೇ ಹೇಳು. ನನ್ನ ಯಾರಾದ್ರೂ ಎಬ್ಬಿಸಿದ್ರೆ ನಿನ್ನ ಚರ್ಮ ಸುಲೀತೀನಿ." ತಲೆ ತುಂಬ ಹೊದ್ದು ಮಲಗಿದಳು. ಬೋರಯ್ಯ ಫೋನು ಅಲ್ಲೇ ಬಿಟ್ಟು ಹೋಟೆಲು ಹುಡುಕಿಕೊಂಡು ಹೋದ.

ಕೆಂಪಕ್ಕ ಫೋನು ಮಾಡಿದಳು. ಊರಲ್ಲಿ ಅವರ ಪಕ್ಕದ ಮನೆ ನಮ್ಮದು, ನಮ್ಮ ಜಗಲಿಯಲ್ಲಿ ಕೂತೇ ಮಾಡಿದ್ದು, ಆ ಕಡೆಯ ಮಾತೂ ಕೇಳಿಸುತ್ತಿತ್ತು. ಎತ್ತಿದ ಲಕ್ಕಪ್ಪನಿಗೆ, ನಿಮ್ಮವ್ವನ್ನ ಕರಿ ಅಂದಳು.

"ಅವ್ವ ಸತ್ತೋದ್ಲು."

"ಅಯ್ಯೋ ಶಿವನೇ, ಯಾವಾಗ? ಏನಾಗಿತ್ತೋ?"

"ಈಗ್ತಾನೆ. ಸಿಟ್ಟು ಬಂದಿತ್ತು."

"ನಿಮ್ಮಪ್ಪ ಎಲ್ಲೋ?"

"ಊಟಕ್ಕೋಗವ್ನೆ."

ಫೋನು ಇಟ್ಟುಬಿಟ್ಟ. ಆಮೇಲೆ ಎಷ್ಟು ಮಾಡಿದರೂ ಎತ್ತಲಿಲ್ಲ, ಗಂಟೆ ಹೊಡೆದರೆ ಅವ್ವ ಏಳುತ್ತಾಳೆ ಅಂತ ಅದನ್ನ ದಿಂಬಿನ ಅಡಿ ಇಟ್ಟಿದ್ದನಂತೆ. ಕೆಂಪಕ್ಕ ಟೆಂಪೋ ಮಾಡಿಸಿದಳು. ಹೂವಿನ ಹಾರ, ನೆಂಟರು, ಮಕ್ಕಳು ಮರಿ ಎಲ್ಲ ಹತ್ತಿದವು. ನಾನೂ ಹತ್ತಿದೆ, ಇಂಥಾದ್ದು ಬಿಡೋದುಂಟೆ. ದಾರಿಯುದ್ದಕ್ಕೂ ಕೆಂಪಕ್ಕ ಅತ್ತಳು. ನನ್ನ ತಮ್ಮನಿಗೆ ಇನ್ನು ಯಾರು ಬೇಯಿಸಿ ಹಾಕ್ತಾರೆ ಅಂತ ಅತ್ತಳೇ ಹೊರತು ಸತ್ತವಳ ಹೆಸರೆತ್ತಲಿಲ್ಲ.

ಬೆಳಿಗ್ಗೆ ಮೂರು ಮಹಡಿ ಹತ್ತಿ ಒಳಗೆ ಹೋದರೆ ಬೋರಯ್ಯ ಸ್ನಾನದ ಮನೆಯಲ್ಲಿದ್ದ, ಲಕ್ಕಪ್ಪ ಹಾಲು ಕಾಯಿಸೋಕೆ ಹೊರಟಿದ್ದ. ನಾನೇ ತಡೆದೆ. ಸಾವಾದ ಮನೆಯಲ್ಲಿ ಹೆಣ ಎತ್ತೋವರೆಗೂ ಒಲೆ ಹಚ್ಚಬಾರದು ಕಣಪ್ಪ ಅಂದೆ. ಆಗಲಿ ಅಜ್ಜಿ ಅಂದ. ಹೆಂಗಸರೆಲ್ಲ ಹಾಸಿಗೆ ಸುತ್ತ ಕೂತು ಒಂದೇ ಸಲಕ್ಕೆ ಬಾಯಿ ತೆಗೆದರು. ಎದುರು ಮನೆ ಗುಲಾಬಿ ಓಡಿಬಂದು ಇಣುಕಿದಳು, ಕಣ್ಣೊರೆಸಿಕೊಂಡು ಓಡಿಹೋಗಿ, ಸಾವಿನ ಮನೆಗೆ ಅಂತ ದೊಡ್ಡ ಪಾತ್ರೆಯಲ್ಲಿ ಗಂಜಿಗೆ ಇಟ್ಟಳು.

ಆಗ ಹೊನ್ನಮ್ಮ ಮುಸುಕು ಸರಿಸಿ, ಸತ್ತಿದ್ದು ಯಾರು ಅಂತ ಕೇಳಿದಳು.

ಒಬ್ಬಳು ಮೂರ್ಛೆ ಹೋದಳು. ಒಬ್ಬ ಹಾರ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿದ. ಕೆಂಪಕ್ಕ ಮಾತ್ರ ಕೂತಲ್ಲೇ ಕಣ್ಣೊರೆಸಿಕೊಂಡಳು. ಬದುಕಿದೆಯಲ್ಲ ತಾಯಿ ಅಂದಳಾ? ಇಲ್ಲ.

"ಸತ್ತಿಲ್ಲ ತಾನೆ? ಎದ್ದು ಒಲೆ ಹಚ್ಚು. ಇಷ್ಟು ಜನ ಹಸ್ಕೊಂಡು ಬಂದವ್ರೆ."

ಹೊನ್ನಮ್ಮ ಅವಳ ಮುಖ ನೋಡಿದಳು. ಸ್ನಾನ ಮುಗಿಸಿ ಬಂದ ಬೋರಯ್ಯ, ಹೌದು, ನನಗೂ ಒಂದು ಲೋಟ ಕಾಫಿ ಅಂದ. ಹೊನ್ನಮ್ಮ ಮತ್ತೆ ಮುಸುಕು ಹಾಕಿ ಮಲಗಿದಳು.

ಕೆಂಪಕ್ಕ ತಾನೇ ಅಡುಗೆಮನೆಗೆ ನುಗ್ಗಿದರೆ ಲಕ್ಕಪ್ಪ ಒಲೆಗೆ ಅಡ್ಡ ನಿಂತ. ಹೆಣ ಎತ್ತೋವರೆಗೂ ಹಚ್ಚಬಾರದು, ಅಜ್ಜಿ ಹೇಳವಳೆ ಅಂದ. ಕೆಂಪಕ್ಕನ ಪಿತ್ತ ನೆತ್ತಿಗೇರಿತು. "ಹಂಗಾರೆ ಎತ್ತೋ, ಬೇಗ ಎತ್ತಿ ಹಾಕು. ನಮ್ಗೆ ಹೊಟ್ಟೆ ಉರೀತೈತೆ."

ಆಗಲಿ ಅತ್ತೆ ಅಂದ. ಬಂದ, ಬಗ್ಗಿದ, ಹೊದಿಕೆ ಸಮೇತ ಅವ್ವನನ್ನು ಎರಡು ತೋಳಲ್ಲಿ ಎತ್ತಿಕೊಂಡ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೇ ಮೂರು ಮಹಡಿ ಇಳಿದ. ಹೊನ್ನಮ್ಮ ಕಿರುಚಲಿಲ್ಲ, ಕೊಸರಲಿಲ್ಲ. ಬಲೆ ಬಿಡಿಸುತ್ತಿದ್ದ ಮೀನುಗಾರರು ಎದ್ದು ನಿಂತು ದಾರಿ ಬಿಟ್ಟರು. ದಡಕ್ಕೆ ಹೋಗಿ, ಎಲ್ಲಿ ಇಳಿಸಲಿ ಅಂತ ಕೇಳಿದನಂತೆ. ಇಲ್ಲೇ, ಸಮುದ್ರದ ಕಡೆ ಮುಖ ಮಾಡಿ ಇಳಿಸು ಅಂದಳಂತೆ.

ನಾನೂ ಗುಲಾಬಿಯೂ ಹಿಂದೆಯೇ ಇಳಿದೆವು. ಅವಳ ಕೈಯಲ್ಲಿ ಬಿಸಿ ಗಂಜಿ, ಕರಿದ ಬಾಳಕದ ಮೆಣಸಿನಕಾಯಿ, ಮಾವಿನಮಿಡಿ ಉಪ್ಪಿನಕಾಯಿ. ಸತ್ತವಳೇ ಕೂತು ಕೈ ಚಾಚಿದ್ದು ನೋಡಿ ಗುಲಾಬಿ, ಎಂತದು ಮಾರಾಯ್ರೆ ನಿಮ್ಮ ಊರಿನ ಕ್ರಮ ಅಂದಳು, ಅಂದರೂ ಬಡಿಸಿದಳು. ಹೊನ್ನಮ್ಮ ಕಾಲು ಚಾಚಿ ಕೂತು ಉಣ್ಣತೊಡಗಿದಳು. ಮೇಲೆ ಬಾಲ್ಕನಿಯಲ್ಲಿ ಬೋರಯ್ಯ ಖಾಲಿ ಲೋಟ ಹಿಡಿದು ಕೂಗುತ್ತಿದ್ದ. ಅಲೆಯ ಸದ್ದಿಗೆ ಒಂದಕ್ಷರ ಕೇಳಲಿಲ್ಲ.

ಅಷ್ಟರಲ್ಲಿ ಲಕ್ಕಪ್ಪ ಎಲ್ಲಿಂದಲೋ ಒಂದು ಗುದ್ದಲಿ ತಂದು, ಅವ್ವನ ಪಕ್ಕದಲ್ಲೇ, ಅವ್ವನಷ್ಟೇ ಉದ್ದಕ್ಕೆ ಅಳತೆ ಗೀಚಿ ಮರಳು ತೋಡೋಕೆ ಶುರು ಮಾಡಿದ.

ಹೊನ್ನಮ್ಮ ತಿರುಗಿ ನೋಡಿದಳು. ಬೈತಾಳೆ ಅಂತ ನಾನು ಕಾದೆ. ಅವಳು ಮೆಣಸಿನಕಾಯಿ ಕಚ್ಚಿಕೊಂಡು, "ನಿಧಾನಕ್ಕೆ ತೋಡಪ್ಪ" ಅಂದಳು, "ಏನೂ ಅವಸರ ಇಲ್ಲ."